ಮುಂಬೈನಲ್ಲಿ ಎರಡು ದಿನ, ಹೊಟ್ಟೆ ಒಂದೇ: ಯಾವ ಏರಿಯಾದಲ್ಲಿ ತಿನ್ನೋದು?

ಮದುವೆ, ಇಂಟರ್‌ವ್ಯೂ, ವೀಸಾ ಕೆಲಸ, ಇಲ್ಲ ಸುಮ್ನೆ ಸುತ್ತಾಟ. ಕಾರಣ ಏನೇ ಇರಲಿ, ಮೊದಲ ಸಲ ಮುಂಬೈಗೆ ಹೊರಟವರು ಕೇಳುವ ಪ್ರಶ್ನೆ ಒಂದೇ: ಅಲ್ಲಿ ಏನೇನು ತಿನ್ನಬೇಕು? ಕೇಳಿದ ಕೂಡಲೇ ಹತ್ತು ಜನ ಹತ್ತು ಪಟ್ಟಿ ಕಳಿಸುತ್ತಾರೆ. ಬೆಳಗ್ಗೆ ಮಾಟುಂಗದಲ್ಲಿ ಇಡ್ಲಿ, ಹನ್ನೊಂದಕ್ಕೆ ಮರೀನ್ ಲೈನ್ಸ್‌ನಲ್ಲಿ ಇರಾನಿ ಚಹಾ, ಮಧ್ಯಾಹ್ನ ಗುಜರಾತಿ ಥಾಲಿ, ಸಂಜೆ ಜುಹುವಿನಲ್ಲಿ ಭೇಲ್, ರಾತ್ರಿ ಮೊಹಮ್ಮದ್ ಅಲಿ ರಸ್ತೆಯಲ್ಲಿ ಕಬಾಬು. ಕಾಗದದ ಮೇಲೆ ನೋಡಲು ಚೆಂದ. ಆದರೆ ಮುಂಬೈ ಪಡವಲಕಾಯಿ ಹಾಗೆ ಉದ್ದಕ್ಕಿರುವ ಊರು. ಈ ಪಟ್ಟಿ ಹಿಡಿದು ಹೊರಟರೆ ದಿನದ ಅರ್ಧ ಟ್ಯಾಕ್ಸಿಯಲ್ಲೇ ಕಳೆಯುತ್ತದೆ. ಹೋದಲ್ಲೆಲ್ಲ ಅರ್ಧಂಬರ್ಧ ತಿಂದು, ಸಂಜೆಗೆ ತಲೆನೋವು ಬಂದಿರುತ್ತದೆ.

ಅದಕ್ಕೇ ನಾನು ಹೇಳುವುದು, ಹೋಟೆಲ್ ಆರಿಸಬೇಡಿ, ಏರಿಯಾ ಆರಿಸಿ. ಒಂದು ದಿನಕ್ಕೆ ಒಂದೇ ಏರಿಯಾ, ತೀರಾ ಆಸೆಯಾದರೆ ರಾತ್ರಿಗೆ ಪಕ್ಕದ್ದು ಇನ್ನೊಂದು. ಮುಂಬೈನ ಒಂದೊಂದು ಭಾಗದಲ್ಲೂ ಬೇರೆ ಬೇರೆ ಊರಿಂದ ಬಂದವರು ನೆಲೆಸಿ ತಮ್ಮ ಅಡುಗೆಮನೆ ಇಟ್ಟುಕೊಂಡಿದ್ದಾರೆ. ಒಂದೇ ಕಡೆ ನಿಧಾನವಾಗಿ ಅಡ್ಡಾಡಿದರೆ ಊಟವೂ ಸಿಗುತ್ತದೆ, ಊರೂ ಸಿಗುತ್ತದೆ.

ಆರಿಸುವ ಮೊದಲು

ಮೊದಲು ಕೇಳಿಕೊಳ್ಳಬೇಕಾದ್ದು, ಇದು ನಮ್ಮೂರಲ್ಲಿ ಸಿಗುತ್ತದೆಯೇ ಅಂತ. ಬೆಂಗಳೂರಿನವರಿಗೆ ಮಸಾಲೆ ದೋಸೆ ಹೊಸದಲ್ಲ. ಮಂಗಳೂರಿನವರಿಗೆ ಗಸಿ ಹೊಸದಲ್ಲ. ಬೆಳಗಾವಿಯವರಿಗೆ ಮೊಳಕೆ ಕಾಳಿನ ಖಾರದ ಮಿಸಳ್ ಹೊಸದಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಪಟ್ಟಿ ಕೊಡಲು ಬರುವುದಿಲ್ಲ.

ಎರಡನೆಯದು ಹೊತ್ತು. ಇರಾನಿ ಕೆಫೆಗೆ ಬೆಳಗ್ಗೆಯೇ ಹೋಗಬೇಕು. ಥಾಲಿಗೆ ಮಧ್ಯಾಹ್ನ ಸರಿ. ಮೊಹಮ್ಮದ್ ಅಲಿ ರಸ್ತೆಗೆ ಕತ್ತಲಾದ ಮೇಲೆಯೇ ಜೀವ ಬರುವುದು. ನಿಮಗೆ ಬಿಡುವಿರುವ ಹೊತ್ತು ಯಾವುದು ಅನ್ನುವುದರಿಂದಲೇ ಅರ್ಧ ನಿರ್ಧಾರ ಆಗಿಬಿಡುತ್ತದೆ.

ಮೂರನೆಯದು, ಜೊತೆಯಲ್ಲಿ ಯಾರಿದ್ದಾರೆ? ಮೊಣಕಾಲು ನೋವಿನ ಅಮ್ಮ ಇದ್ದರೆ ಮಹಡಿ ಹತ್ತುವ ಹೋಟೆಲು, ಅರ್ಧ ಗಂಟೆ ನಿಂತು ಕಾಯುವ ಹೋಟೆಲು ಕಷ್ಟ. ಪುಟ್ಟ ಮಕ್ಕಳಿದ್ದರೆ ಖಾರ, ಗದ್ದಲ, ಶೌಚಾಲಯ ಮೂರನ್ನೂ ಯೋಚಿಸಬೇಕು.

ಆಮೇಲೆ ಸಸ್ಯಾಹಾರವೋ ಮಾಂಸಾಹಾರವೋ, ಮೊಟ್ಟೆ ನಡೆಯುತ್ತದೋ ಇಲ್ಲವೋ. ಮೊಟ್ಟೆ ವಿಷಯ ಮುಂಬೈನಲ್ಲಿ ಮುಖ್ಯ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕೊನೆಗೆ ಜೇಬು. ಈ ಊರಲ್ಲಿ 100 ರೂಪಾಯಿಗೂ ಹೊಟ್ಟೆ ತುಂಬುತ್ತದೆ, 3000ಕ್ಕೂ ತುಂಬುತ್ತದೆ. ಎರಡರಲ್ಲೂ ರುಚಿ ಇದೆ ಅನ್ನುವುದೇ ಇಲ್ಲಿನ ದೊಡ್ಡ ಸಮಾಧಾನ.

ಮಾಟುಂಗ: ಇಡ್ಲಿಗೆ ಅಷ್ಟು ದೂರ ಹೋಗಬೇಕಾ?

ಕನ್ನಡಿಗರ ನಿಜವಾದ ಗೊಂದಲ ಇದೇ. ಮಾಟುಂಗ ಪೂರ್ವ ಅಂದರೆ ಮುಂಬೈನೊಳಗಿನ ದಕ್ಷಿಣ ಭಾರತ. ಹೂವಿನ ಅಂಗಡಿ, ಬಾಳೆಎಲೆ, ಫಿಲ್ಟರ್ ಕಾಫಿಪುಡಿ, ಕಾಂಜೀವರಂ ಸೀರೆ. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, 1926ರಿಂದ. ಮುಂಬೈ ಗೆಳೆಯರು "ಬನ್ನಿ, ನಿಮ್ಮೂರ ಊಟ ಹಾಕಿಸ್ತೀವಿ" ಅಂತ ಪ್ರೀತಿಯಿಂದ ಕರೆದುಕೊಂಡು ಹೋಗುವುದೇ ಇಲ್ಲಿಗೆ. ಊರಿಂದ ನಿನ್ನೆ ತಾನೇ ಬಂದವರು ಒಳಗೊಳಗೇ ಪೆಚ್ಚಾಗುತ್ತಾರೆ.

ಆದರೂ ಮಾಟುಂಗವನ್ನು ಸಾರಾಸಗಟಾಗಿ ಬಿಡಬೇಡಿ. ಇಲ್ಲಿರುವುದು ಇಂದಿನ ಬೆಂಗಳೂರಿನ ದರ್ಶಿನಿ ರುಚಿ ಅಲ್ಲ. ಎಂಬತ್ತು ವರ್ಷದ ಹಿಂದೆ ಉಡುಪಿ ಕಡೆಯಿಂದ ಬಂದವರು ಮುಂಬೈಗೆ ಹೊಂದಿಸಿಕೊಂಡ ರುಚಿ. ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್‌ನಲ್ಲಿ ರಸಂ ವಡೆ ತೆಗೆದುಕೊಳ್ಳಿ. ವಡೆ ಪೂರ್ತಿ ರಸದಲ್ಲಿ ಮುಳುಗಿರುತ್ತದೆ. ಹೊರಗಿನ ಪದರ ಮೆತ್ತಗಾಗಿ, ನಡುವೆ ಇನ್ನೂ ಸ್ವಲ್ಪ ಬಿಗಿ ಉಳಿದಿರುವಾಗಲೇ ತಿನ್ನಬೇಕು. ಮಾತಾಡುತ್ತಾ ಕೂತರೆ ಪುಡಿಯಾಗಿ ಹೋಗುತ್ತದೆ. ಸ್ಟೇಷನ್ ಹತ್ತಿರದ ರಾಮ ಆಶ್ರಯದಲ್ಲಿ ಶೀರಾ ದಿನಕ್ಕೊಂದು ಬಗೆ. ಅನಾನಸ್ ಶೀರಾ ಸಿಕ್ಕಿದ ದಿನ ಅದೃಷ್ಟ. ಮೇಜು ಹಂಚಿಕೊಳ್ಳಬೇಕು, ಎದುರಿಗೆ ಯಾರೋ ಗುಜರಾತಿ ಅಜ್ಜ ಉಪ್ಪಿಟ್ಟು ತಿನ್ನುತ್ತಿರುತ್ತಾರೆ. ಅದು ಇಲ್ಲಿ ಮಾಮೂಲು.

ಊಟಕ್ಕೆ ಎ. ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮಾಟುಂಗ ಸ್ಟೇಷನ್ನಿನ ಎದುರಿಗೇ, 1942ರಿಂದ ನಡೆಯುತ್ತಿದೆ. ಬಾಳೆಎಲೆ, ಸಾರು, ಹುಳಿ, ಪಲ್ಯ, ಮಜ್ಜಿಗೆ. ಮೆಟ್ಟಿಲು ಹತ್ತಬೇಕು, ರಜಾ ದಿನ ಕಾಯಬೇಕು. ಮೊದಲ ದಿನವೇ ಇಲ್ಲಿಗೆ ಬಂದರೆ "ಇದರಲ್ಲೇನಿದೆ?" ಅನ್ನಿಸಬಹುದು. ಐದಾರು ದಿನ ಪಾವ್, ಪನೀರ್, ಫ್ರೈಡ್ ರೈಸ್ ತಿಂದು ನಾಲಿಗೆ ಸತ್ತ ಮೇಲೆ ಬನ್ನಿ. ಮೊದಲ ತುತ್ತು ಅನ್ನ ಸಾರಿಗೇ ಕಣ್ಣು ತುಂಬಿಕೊಂಡವರನ್ನು ನೋಡಿದ್ದೇನೆ.

ಖರ್ಚು ಕಡಿಮೆ. ಇಬ್ಬರು ತಿಂಡಿ, ಕಾಫಿ ಮುಗಿಸಿ 500ರ ಒಳಗೆ ಎದ್ದು ಬರಬಹುದು. ಶುದ್ಧ ಸಸ್ಯಾಹಾರ, ಹಿರಿಯರಿಗೆ ಹೊಟ್ಟೆಗೆ ಹಿತ. ತೊಂದರೆ ಎಂದರೆ ಕ್ಯೂ. ಬಾಗಿಲಲ್ಲಿ ನಿಂತವರಿಗೆ ಹೆಸರು, ಎಷ್ಟು ಜನ ಅಂತ ಹೇಳಿ ಕಾಯಬೇಕು, ಭಾನುವಾರ ಬೆಳಗ್ಗೆ ಅದು ಮುಕ್ಕಾಲು ಗಂಟೆಯೂ ಆಗಬಹುದು. ಇನ್ನೊಂದು, ಸೋಮವಾರ ಇಲ್ಲಿಗೆ ಬರಬೇಡಿ. ಹೆಸರಾದ ಕೆಲವು ಹೋಟೆಲುಗಳಿಗೆ ಅಂದು ರಜೆ.

ಫೋರ್ಟ್: ಒಂದೇ ದಿನ ಇದ್ದರೆ ಇಲ್ಲಿಗೇ

ನನ್ನನ್ನು ಒಂದೇ ಒಂದು ಏರಿಯಾ ಹೇಳು ಅಂದರೆ, ಯೋಚನೆಯೇ ಮಾಡದೆ ಫೋರ್ಟ್ ಅನ್ನುತ್ತೇನೆ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೇ ವಿಟಿ) ಸ್ಟೇಷನ್ನಿಂದ ಧೋಬಿ ತಲಾವ್, ಬ್ಯಾಲಾರ್ಡ್ ಎಸ್ಟೇಟ್, ಹುತಾತ್ಮಾ ಚೌಕ್, ಕಾಲಾ ಘೋಡಾ, ಎಲ್ಲ ನಡೆದೇ ಮುಗಿಸಬಹುದು. ತಿಂಡಿಗೆ ಒಂದು ಜನಾಂಗದ ಅಡುಗೆ, ಊಟಕ್ಕೆ ಇನ್ನೊಂದು, ರಾತ್ರಿಗೆ ಮತ್ತೊಂದು. ನಡುವೆ ನೋಡಲು ಹಳೇ ಕಟ್ಟಡಗಳು ಬೇಕಾದಷ್ಟು. ನಡೆದದ್ದಕ್ಕೆ ಮತ್ತೆ ಹಸಿವೂ ಆಗುತ್ತದೆ.

ಬೆಳಗ್ಗೆ ಇರಾನಿ ಕೆಫೆ. ಹತ್ತೊಂಬತ್ತನೇ ಶತಮಾನದ ಕೊನೆ ಮತ್ತು ಇಪ್ಪತ್ತನೆಯದರ ಮೊದಲಲ್ಲಿ ಇರಾನಿನಿಂದ ಬಂದ ಜರತುಷ್ಟ್ರ ಧರ್ಮದವರು ಮುಂಬೈನ ಮೂಲೆಮೂಲೆಯಲ್ಲಿ ತೆರೆದ ಅಂಗಡಿಗಳಿವು. ಒಂದು ಕಾಲಕ್ಕೆ ನೂರಾರು ಇದ್ದವು. ಈಗ ಬೆರಳೆಣಿಕೆ. ಮೆಟ್ರೊ ಸಿನಿಮಾದ ಎದುರಿಗೆ ಕಯಾನಿ ಅಂಡ್ ಕೋ ಇದೆ, 1904ರದ್ದು. ಎತ್ತರದ ಛಾವಣಿ, ಕಟ್ಟಿಗೆಯ ಬಾಗಿದ ಕುರ್ಚಿ, ಕೌಂಟರಿನ ಮೇಲೆ ಗಾಜಿನ ಭರಣಿಯಲ್ಲಿ ಖಾರಿ, ನಾನ್‌ಖಟಾಯಿ.

ಇಲ್ಲಿ ಕೇಳಬೇಕಾದ್ದು ಬ್ರುನ್ ಮಸ್ಕಾ ಮತ್ತು ಚಹಾ. ಬ್ರುನ್ ಅಂದರೆ ಮೇಲ್ಮೈ ಗಟ್ಟಿಯಾದ ಪಾವ್. ಹಾಗೇ ಕಚ್ಚಿದರೆ ಒಸಡು ಕಿತ್ತುಹೋದೀತು. ಹೋಳು ಮಾಡಿ, ಒಳಗೆ ಬೆಣ್ಣೆ ಬಳಿದು ಕೊಡುತ್ತಾರೆ. ಒಂದು ತುದಿಯನ್ನು ಚಹಾದಲ್ಲಿ ಅದ್ದಿ, ಮೂರು ಎಣಿಸಿ, ಬಾಯಿಗೆ ಹಾಕಬೇಕು. ಮೇಲೆ ಗರಿ ಉಳಿದಿರುತ್ತದೆ, ಒಳಗೆ ಸಿಹಿ ಚಹಾ ಹೀರಿರುತ್ತದೆ, ಬೆಣ್ಣೆಯ ಉಪ್ಪು ಕೊನೆಗೆ ಬರುತ್ತದೆ. ಲೋಟದಲ್ಲಿ ಬೆಣ್ಣೆಯ ಕಣ್ಣುಗಳು ತೇಲುತ್ತವೆ, ಅದಕ್ಕೆ ಮುಖ ಸಿಂಡರಿಸಬೇಡಿ. ಹಲ್ಲು ಸರಿ ಇಲ್ಲದವರು ಬನ್ ಮಸ್ಕಾ ಕೇಳಿ, ಅದು ಮೆತ್ತಗೆ. ಮೊಟ್ಟೆ ತಿನ್ನುವವರಿಗೆ ಅಕೂರಿ ಇದೆ, ಅಂದರೆ ಪಾರ್ಸಿ ಶೈಲಿಯ ಮೊಟ್ಟೆ ಬುರ್ಜಿ, ಮಾಂಸ ತಿನ್ನುವವರಿಗೆ ಖೀಮಾ ಪಾವ್. ಮಾವಾ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಇಬ್ಬರಿಗೆ 300 ರೂಪಾಯಿ ಇಟ್ಟುಕೊಂಡರೆ ಸಾಕು.

ಮಧ್ಯಾಹ್ನ ಎರಡು ದಾರಿ. ಒಂದು ಬ್ಯಾಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ ಅಂಡ್ ಕೋ, 1923ರಲ್ಲಿ ಶುರುವಾದದ್ದು. ಬೆರ್ರಿ ಪುಲಾವ್ ಇಲ್ಲಿಯ ಹೆಸರುವಾಸಿ ಅಡುಗೆ. ಅನ್ನದ ಮೇಲೆ ಕೆಂಪಗೆ ಕಾಣುವ ಪುಟ್ಟ ಹುಳಿ ಹಣ್ಣು ಇರಾನಿನ ಜೆರೆಷ್ಕ್. ಬಿರಿಯಾನಿಯ ಖಾರ ಹುಡುಕಿಕೊಂಡು ಹೋದವರಿಗೆ ಇದು ಸಪ್ಪೆ. ಮಸಾಲೆ ಹಿಂದೆ ನಿಂತು ಹುಳಿ ಮುಂದೆ ಬರುವ ಊಟ ಅಂತ ತಿಳಿದು ಹೋದರೆ ಖುಷಿ. ಜೊತೆಗೆ ಪಲ್ಲೋಂಜಿಯ ರಾಸ್‌ಬೆರ್ರಿ ಸೋಡಾ, ಕೊನೆಗೆ ಕ್ಯಾರಮೆಲ್ ಕಸ್ಟರ್ಡ್. ಮಧ್ಯಾಹ್ನ ಮಾತ್ರ ತೆರೆದಿರುತ್ತದೆ. ಇರಾನಿ ಕೆಫೆ ಅಂದರೆ ಅಗ್ಗ ಅಂದುಕೊಂಡು ಹೋಗಬೇಡಿ, ಇಲ್ಲಿ ಬಿಲ್ಲು ಚೆನ್ನಾಗಿಯೇ ಬರುತ್ತದೆ. ಸಸ್ಯಾಹಾರಿ ಬೆರ್ರಿ ಪುಲಾವ್ ಇದೆ, ಆದರೆ ಅದೊಂದಕ್ಕಾಗಿ ಕ್ಯೂ ನಿಲ್ಲುವಷ್ಟಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ದಾರಿ ಮೀನು. ಫೋರ್ಟಿನ ಮಹೇಶ್ ಲಂಚ್ ಹೋಮ್, ಅಪೂರ್ವ, ಕಾಲಾ ಘೋಡಾದ ತೃಷ್ಣಾ, ಎಲ್ಲದರ ಅಡುಗೆಗೂ ಬೇರು ನಮ್ಮ ಕರಾವಳಿಯಲ್ಲಿದೆ. ನೀರ್ ದೋಸೆ, ಗಸಿ, ಕೋರಿ ರೊಟ್ಟಿ ಎಲ್ಲ ಸಿಗುತ್ತದೆ. ಹಾಗಂತ ಮಂಗಳೂರು, ಕುಂದಾಪುರದವರು ಇಲ್ಲಿ ಗಸಿಗೆ ಕೈಹಾಕಿದರೆ ಮನೆಯ ಗಸಿ ನೆನೆದು ಕೊರಗುತ್ತಾರೆ ಅಷ್ಟೇ. ನೀವು ಕೇಳಬೇಕಾದ್ದು ಬೊಂಬಿಲ್ ಫ್ರೈ. ನೀರು ನೀರಾಗಿರುವ ಮೀನು ಅದು. ಸೀಳಿ, ಭಾರ ಹೇರಿ ನೀರು ಹಿಂಡಿ, ರವೆ ಹಚ್ಚಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆಗಿಂತ ಮೆತ್ತಗೆ. ತಟ್ಟೆಗೆ ಬಂದ ಐದು ನಿಮಿಷದಲ್ಲಿ ತಿಂದು ಮುಗಿಸಬೇಕು, ಆಮೇಲೆ ಜೋತುಬೀಳುತ್ತದೆ. ಬಯಲುಸೀಮೆಯಿಂದ ಬಂದ ಮೀನುಪ್ರಿಯರು ಮಾತ್ರ ಗಸಿ, ನೀರ್ ದೋಸೆ ಧಾರಾಳವಾಗಿ ತೆಗೆದುಕೊಳ್ಳಿ.

ಬೆಣ್ಣೆ, ಮೆಣಸು, ಬೆಳ್ಳುಳ್ಳಿ ಹಾಕಿದ ಏಡಿ ಈ ಹೋಟೆಲುಗಳ ಹೆಮ್ಮೆ. ರುಚಿ ನಿಜ. ಆದರೆ ಏಡಿಯ ರೇಟು ಗಾತ್ರದ ಮೇಲೆ. ಒಂದೇ ಏಡಿ 2000 ದಾಟಬಹುದು. ಆರ್ಡರ್ ಮಾಡುವ ಮೊದಲೇ ಎಷ್ಟಾಗುತ್ತದೆ ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಕೌಂಟರಿನಲ್ಲಿ ಕೂತವರ ಜೊತೆ ಕನ್ನಡವೋ ತುಳುವೋ ಮಾತಾಡಿ ನೋಡಿ. ಬಿಲ್ಲು ಕಡಿಮೆಯಾಗುತ್ತದೆ ಅಂತ ಅಲ್ಲ, ಇವತ್ತು ಯಾವ ಮೀನು ತಾಜಾ ಇದೆ ಅನ್ನುವ ಸುದ್ದಿ ನೇರವಾಗಿ ಸಿಗುತ್ತದೆ.

ಫೋರ್ಟಿನ ಕೊರತೆ ಎರಡು. ಭಾನುವಾರ ಆಫೀಸುಗಳ ಜೊತೆ ಹೋಟೆಲುಗಳೂ ಹಲವು ಮುಚ್ಚಿರುತ್ತವೆ. ಮತ್ತೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳಿಗೆ ಇಲ್ಲಿ ಬನ್ ಮಸ್ಕಾ ಬಿಟ್ಟರೆ ಹೊಸತು ಜಾಸ್ತಿ ಏನೂ ಇಲ್ಲ. ಅವರಿಗೆ ಮುಂದಿನದು.

ಕಾಲ್ಬಾದೇವಿ: ಸಸ್ಯಾಹಾರಿಗಳ ದಿನ

ಬಟ್ಟೆ, ಚಿನ್ನ, ಪಾತ್ರೆ ವ್ಯಾಪಾರದ ಇಕ್ಕಟ್ಟಾದ ಓಣಿಗಳು. ಕೈಗಾಡಿ ಎಳೆಯುವವರು ದಾರಿ ಬಿಡಿ ಅಂತ ಕೂಗುತ್ತಲೇ ಇರುತ್ತಾರೆ. ಈ ಗದ್ದಲದ ನಡುವೆ, ಹಳೇ ಕಟ್ಟಡದ ಮೆಟ್ಟಿಲು ಹತ್ತಿದರೆ ಶ್ರೀ ಠಾಕರ್ ಭೋಜನಾಲಯ, 1945ರದ್ದು. ಕೂತ ಕೂಡಲೇ ತಟ್ಟೆ, ತಟ್ಟೆಯ ಸುತ್ತ ಬಟ್ಟಲು, ಬಟ್ಟಲಿಗೆ ಒಬ್ಬರಾದ ಮೇಲೆ ಒಬ್ಬರು ಬಂದು ಸುರಿಯುತ್ತಾರೆ. ಫರ್ಸಾಣ್ ಅನ್ನುವ ಕುರುಕಲು, ಎರಡು ಮೂರು ಬಗೆ ಪಲ್ಯ, ಕಢಿ, ಸಿಹಿ ದಾಲ್, ತುಪ್ಪ ಸವರಿದ ಫುಲ್ಕಾ, ಖಿಚಡಿ. ಬೇಡ ಅನ್ನಲು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಬಾಯಲ್ಲಿ ಹೇಳಿದರೆ ಸಾಲದು, ಬಡಿಸುವವರು ಅದನ್ನು ಸಂಕೋಚ ಅಂತ ತಿಳಿಯುತ್ತಾರೆ.

ದಾಲ್ ಸಿಹಿ, ಕಢಿ ಸಿಹಿ, ಪಲ್ಯದಲ್ಲೂ ಒಂದು ಚೂರು ಬೆಲ್ಲ. ಉಡುಪಿ ಕಡೆಯವರಿಗೆ, ಹಳೇ ಮೈಸೂರಿನವರಿಗೆ ಅಷ್ಟೇನೂ ತೊಂದರೆ ಇಲ್ಲ. ಕಲಬುರಗಿ, ವಿಜಯಪುರದವರು ಮೊದಲೇ ಹಸಿಮೆಣಸು, ಬೆಳ್ಳುಳ್ಳಿ ಚಟ್ನಿ ಕೇಳಿ ಇಟ್ಟುಕೊಳ್ಳಿ. ಸಜ್ಜೆ ರೊಟ್ಟಿ, ಬೆಲ್ಲ, ತುಪ್ಪ ಬಂದರೆ ನಿಮಗೆ ಅಲ್ಲೇ ಊರು.

ಒಬ್ಬರಿಗೆ 500ರ ಮೇಲೆಯೇ ಆಗುತ್ತದೆ. ಆದರೆ ಬೆಳಗ್ಗೆ ಚಹಾ ಬಿಸ್ಕತ್ತಿನಲ್ಲೇ ಇದ್ದು ಹೋದರೆ ರಾತ್ರಿ ಊಟ ಬೇಕಾಗುವುದಿಲ್ಲ. ಹಾಗೆ ಲೆಕ್ಕ ಹಾಕಿದರೆ ಇದು ದುಬಾರಿ ಅಲ್ಲ. ಸ್ವಲ್ಪವೇ ತಿನ್ನುವ ಹಿರಿಯರಿಗೆ, ಮಕ್ಕಳಿಗೆ ಅಷ್ಟು ಕೊಡುವುದು ನಷ್ಟ. ಅದೇ ಕಾಲ್ಬಾದೇವಿಯ ಫ್ರೆಂಡ್ಸ್ ಯೂನಿಯನ್ ಜೋಶಿ ಕ್ಲಬ್‌ನಲ್ಲಿ ಬಗೆಗಳು ಕಡಿಮೆ, ಬೆಲೆಯೂ ಕಡಿಮೆ, ಊಟ ಮನೆಯದರ ಹಾಗೆ. ನಾಲ್ಕು ಜನರ ಕುಟುಂಬಕ್ಕೆ ನಾನು ಇದನ್ನೇ ಹೇಳುತ್ತೇನೆ.

ಊಟದ ನಂತರ ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆದರೆ ಎದುರಿಗೆ ಬಾದ್‌ಷಾ, 1905ರಿಂದ ಫಾಲೂದಾ ಕೊಡುತ್ತಿದೆ. ಥಾಲಿ ಉಂಡ ಹೊಟ್ಟೆಗೆ ಒಂದನ್ನು ಇಬ್ಬರು ಹಂಚಿಕೊಂಡರೆ ಸಾಕು.

ದಾದರ್: ಕಡಿಮೆ ಖರ್ಚು, ಜಾಸ್ತಿ ಮುಂಬೈ

ಮುಂಬೈನಲ್ಲಿ ಮರಾಠಿ ಮನೆಯ ಅಡುಗೆ ಎಲ್ಲಿ ಅಂದರೆ ದಾದರ್. ಶಿವಾಜಿ ಪಾರ್ಕ್ ಹತ್ತಿರ ಆಸ್ವಾದ್, ಪ್ರಕಾಶ್, ಸ್ಟೇಷನ್ ಪಕ್ಕದಲ್ಲಿ 1910ರ ಮಾಮಾ ಕಾಣೆ. ಥಾಲಿಪೀಠ್, ಕೊತ್ತಂಬರಿ ವಡಿ, ಸಾಬುದಾಣಾ ವಡಾ, ಮಿಸಳ್. ಬೆಂಗಳೂರು, ಮೈಸೂರಿನವರಿಗೆ ಇವು ನಿಜಕ್ಕೂ ಹೊಸದು, ಹೊಟ್ಟೆಗೂ ಭಾರ ಅಲ್ಲ. ಸಾಬುದಾಣಾ ವಡೆ ಒಡೆದಾಗ ಒಳಗೆ ಆವಿ ಬರಬೇಕು, ಸಬ್ಬಕ್ಕಿ ಕಾಳು ಬಿಡಿಬಿಡಿಯಾಗಿ ಹೊಳೆಯಬೇಕು. ಆರಿದ್ದು ತಂದರೆ ಬದಲಾಯಿಸಿಕೊಡಿ ಅನ್ನಿ.

ವಡಾ ಪಾವ್ ಹುಟ್ಟಿದ್ದೂ ದಾದರಿನಲ್ಲೇ, 1966ರ ಸುಮಾರಿಗೆ ಸ್ಟೇಷನ್ ಹೊರಗೆ ಅಂತ ಹೇಳುತ್ತಾರೆ. ಗಿರಣಿ ಕೆಲಸಗಾರರು ನಿಂತಲ್ಲೇ ತಿಂದು ಓಡಲು ಆಗುವಂಥದ್ದು ಬೇಕಿತ್ತು. 20-30 ರೂಪಾಯಿಗೆ ಇವತ್ತಿಗೂ ಈ ಊರಿನ ಹಸಿವು ತಣಿಸುವುದು ಅದೇ. ಕೀರ್ತಿ ಕಾಲೇಜಿನ ಹತ್ತಿರದ ಅಶೋಕ್ ವಡಾ ಪಾವ್‌ನಲ್ಲಿ ಚೂರಾ ಹಾಕಿಸಿಕೊಳ್ಳಿ. ಹಿಟ್ಟಿನ ಗರಿಗರಿ ಪುಡಿ, ಅರ್ಧ ರುಚಿ ಅದರಲ್ಲೇ ಇದೆ. ಯಾವ ಗಾಡಿ ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಾಣಲೆಯಿಂದ ಆಗಷ್ಟೇ ತೆಗೆಯುತ್ತಿರುವ ಕಡೆ, ಜನ ನಿಂತಿರುವ ಕಡೆ ತಿನ್ನಿ.

ಮೀನಿಗೆ ಇಲ್ಲಿ ಮಾಲ್ವಣಿ, ಅಂದರೆ ಕೊಂಕಣದ ಮಾಲ್ವಣ್ ಕಡೆಯ ಅಡುಗೆಯ ಖಾನಾವಳಿಗಳಿವೆ. ಬಂಗುಡೆಯೋ ಅಂಜಲೋ ಫ್ರೈ, ಸಾರು, ಚಪಾತಿ ಇಲ್ಲವೇ ಅಕ್ಕಿ ರೊಟ್ಟಿ, ಅನ್ನ, ಸೋಲ್ ಕಢಿ. ಫೋರ್ಟಿನ ಮೀನಿನ ಹೋಟೆಲಿಗೆ ಹೋಲಿಸಿದರೆ ಬಿಲ್ಲು ಅರ್ಧಕ್ಕೂ ಕಡಿಮೆ. ಎಸಿ ಇಲ್ಲದಿರಬಹುದು, ಬೆಂಚು ಹಂಚಿಕೊಳ್ಳಬೇಕಾಗಬಹುದು. ಮೀನು ಮುಖ್ಯ, ಜಾಗ ಮುಖ್ಯ ಅಲ್ಲ ಅನ್ನುವವರು ಕಣ್ಣುಮುಚ್ಚಿ ಇಲ್ಲಿಗೆ ಬನ್ನಿ. ಯಾರನ್ನೋ ಊಟಕ್ಕೆ ಕರೆದುಕೊಂಡು ಹೋಗಿ ಮೆಚ್ಚಿಸಬೇಕು ಅಂದರೆ ಫೋರ್ಟ್.

ಮೊಹಮ್ಮದ್ ಅಲಿ ರಸ್ತೆ, ಚೌಪಾಟಿ

ಮಾಂಸ ತಿನ್ನುವವರಿಗೆ ರಾತ್ರಿಯ ಜಾಗ ಅಂದರೆ ಮಿನಾರಾ ಮಸೀದಿಯ ಸುತ್ತಮುತ್ತ. ನೂರ್ ಮೊಹಮ್ಮದಿಯ ನಲ್ಲಿ ನಿಹಾರಿ (ಮೂಳೆಯ ಮಜ್ಜೆ ಇರುವ ಮಾಂಸದ ಸಾರು), ಬೀದಿಯ ಸೀಖ್ ಕಬಾಬು, ಸುಲೇಮಾನ್ ಉಸ್ಮಾನ್ ಮಿಠಾಯಿವಾಲಾದ ಮಾಲ್ಪುವಾ, ಮಣ್ಣಿನ ಕುಡಿಕೆಯಲ್ಲಿ ಫಿರ್ನಿ. ರಂಜಾನಿನಲ್ಲಿ ಇಡೀ ರಾತ್ರಿ ಹಬ್ಬ, ಕಾಲಿಡಲೂ ಜಾಗ ಇರುವುದಿಲ್ಲ. ಆ ಸಡಗರ ನೋಡಲೇಬೇಕು ಅನ್ನುವವರು ಆಗ ಹೋಗಿ. ನೆಮ್ಮದಿಯಾಗಿ ಕೂತು ತಿನ್ನಬೇಕು ಅನ್ನುವವರು ಬೇರೆ ತಿಂಗಳು ಹೋಗಿ. ಸಣ್ಣ ಮಕ್ಕಳ ಜೊತೆ ರಂಜಾನ್ ರಾತ್ರಿ ಬೇಡವೇ ಬೇಡ. ಇನ್ನೊಂದು ಎಚ್ಚರಿಕೆ: ನಮ್ಮ ಕಡೆಯ ಮಾಲ್ಪುರಿ ಅಂದುಕೊಂಡು ಸಸ್ಯಾಹಾರಿಗಳು ಈ ಮಾಲ್ಪುವಾ ತಿನ್ನಬೇಡಿ, ಇದಕ್ಕೆ ಮೊಟ್ಟೆ ಹಾಕುತ್ತಾರೆ. ಫಿರ್ನಿ ತಿನ್ನಬಹುದು.

ಚೌಪಾಟಿ, ಅಂದರೆ ಕಡಲತೀರ? ಗಿರ್ಗಾಂವ್ ಇರಲಿ, ಜುಹು ಇರಲಿ, ಸೂರ್ಯಾಸ್ತಕ್ಕೆ ಹೋಗಿ, ಊಟಕ್ಕೆ ಅಲ್ಲ. ಒಂದು ಭೇಲ್, ಒಂದು ಕುಲ್ಫಿ, ಸಾಕು. ಪಾವ್ ಭಾಜಿ ತಿನ್ನಲೇಬೇಕಿದ್ದರೆ ತಾರ್ದೇವ್‌ನ ಸರ್ದಾರ್ ಇದೆ. ಮೇಲೆ ಹಾಕುವ ಬೆಣ್ಣೆಯ ತುಂಡು ನೋಡಿ ಹೆದರಬೇಡಿ, ಕಡಿಮೆ ಹಾಕಿ ಅಂತ ಹೇಳಿದರೂ ಕೇಳುತ್ತಾರೆ.

ಕುಡಿಯಲು

ರಸ್ತೆಬದಿಯ ಕಟಿಂಗ್ ಚಹಾ, ಅಂದರೆ ಅರ್ಧ ಲೋಟ ಚಹಾ, ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಮಾರ್ಗದರ್ಶಿ ಬೇಡ. ಹುಡುಕಿಕೊಂಡು ಹೋಗಿ ಕುಡಿಯಬೇಕಾದ್ದು ಎರಡು. ದಾದರಿನ ಪಿಯೂಷ್, ಶ್ರೀಖಂಡವನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಮಾಡಿ ಏಲಕ್ಕಿ, ಜಾಯಿಕಾಯಿ, ಕೇಸರಿ ಹಾಕಿದ್ದು. ಸಿಹಿ ಜಾಸ್ತಿ, ಮಿಸಳಿನ ಖಾರದ ಮೇಲೆ ಕುಡಿದರೆ ಸರಿಹೋಗುತ್ತದೆ. ಇನ್ನೊಂದು ಮಾಲ್ವಣಿ ಹೋಟೆಲಿನ ಸೋಲ್ ಕಢಿ. ಪುನರ್ಪುಳಿ (ಕೋಕಂ) ಸಾರು ಕುಡಿದು ಬೆಳೆದವರಿಗೆ ರುಚಿಯ ಬುಡ ಗೊತ್ತಾಗುತ್ತದೆ. ತೆಂಗಿನ ಹಾಲು, ಬೆಳ್ಳುಳ್ಳಿ ಸೇರಿ ಬೇರೆಯೇ ಆಗಿರುತ್ತದೆ. ಊಟದ ಕೊನೆಗೆ ಕುಡಿಯಿರಿ, ಮೊದಲಲ್ಲ.

ಗ್ಲಾಸು ಏರಿಸುವವರಿಗೆ ಕೊಲಾಬಾದಲ್ಲಿ 1871ರ ಲಿಯೊಪೋಲ್ಡ್ ಕೆಫೆ ಇದೆ. ಪ್ರವಾಸಿಗರೇ ಜಾಸ್ತಿ, ಬೆಲೆಯೂ ಜಾಸ್ತಿ. ನೋಡಿದ ಹಾಗಾಯಿತು ಅಂತ ಒಂದು ಬಿಯರ್ ಸರಿ. ಸಂಜೆ ಪೂರ್ತಿ ಕೂರಬೇಕು ಅಂದರೆ ಯಾವುದೇ ಏರಿಯಾದ ಶೆಟ್ಟರ ಬಾರು ವಾಸಿ. ಮೇಲಿನ ಮಹಡಿಯಲ್ಲಿ ಎಸಿ, ತಟ್ಟೆಯಲ್ಲಿ ಹುರಿಗಡಲೆ, ಕಿಚನ್‌ನಿಂದ ಬಿಸಿ ಮೀನು. ಒಂದು ನಿಯಮ ತಿಳಿದಿರಲಿ. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿನಂಥ ಮದ್ಯಕ್ಕೆ ವಯಸ್ಸು 25 ಆಗಿರಬೇಕು, ಬಿಯರಿಗೆ 21. ಕಾಲೇಜು ಹುಡುಗರು ಗುರುತಿನ ಚೀಟಿ ಇಟ್ಟುಕೊಂಡೇ ಲೆಕ್ಕ ಹಾಕಿ.

ತಿಂಗಳು ನೋಡಿ ಹೊರಡಿ

ಇದನ್ನು ಯಾರೂ ಹೇಳುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಮೀನಿನ ಹೋಟೆಲುಗಳು ತೆರೆದೇ ಇರುತ್ತವೆ, ಆದರೆ ತಟ್ಟೆಗೆ ಬರುವುದು ಹೆಚ್ಚಾಗಿ ಐಸಿನಲ್ಲಿಟ್ಟ ಮೀನು, ದುಡ್ಡೂ ಜಾಸ್ತಿ. ಹಾಗಾಗಿ ಮಳೆಗಾಲದ ಮೊದಲೆರಡು ತಿಂಗಳು ಹೋದರೆ ಫೋರ್ಟಿನಲ್ಲಿ ಇರಾನಿ ಕೆಫೆ ಇಟ್ಟುಕೊಳ್ಳಿ, ಮೀನು ಬಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಗುಜರಾತಿ ಥಾಲಿಗೆ ಆಮ್‌ರಸ ಸೇರುತ್ತದೆ. ಆಪೂಸ್ ಮಾವಿನ ರಸ, ಪಕ್ಕದಲ್ಲಿ ಬಿಸಿ ಪೂರಿ. ಆ ಎರಡು ತಿಂಗಳು ಕಾಲ್ಬಾದೇವಿಯೇ ಮೊದಲು, ಮಾಂಸಾಹಾರಿಗಳಿಗೂ. ಚಳಿಗಾಲದಲ್ಲಿ ಅದೇ ಜಾಗದಲ್ಲಿ ಉಂಧಿಯು ಬರುತ್ತದೆ, ಗೆಣಸು, ಅವರೆ, ಬದನೆ, ಮೆಂತೆಯ ಮುಠಿಯಾ ಎಲ್ಲ ಸೇರಿಸಿ ಎಣ್ಣೆಯಲ್ಲಿ ಬೇಯಿಸಿದ್ದು. ಇನ್ನು ಶ್ರಾವಣ ಅಲ್ಲಿಗೂ ನಮ್ಮದೇ ಶ್ರಾವಣ. ದಾದರಿನಲ್ಲಿ ಉಪವಾಸದ ತಿಂಡಿಗಳಿಗೆ ಒಳ್ಳೆಯ ಕಾಲ.

ಓಡಾಟ

ಲೋಕಲ್ ರೈಲು ಬೆಳಗ್ಗೆ ದಕ್ಷಿಣಕ್ಕೆ ಹೋಗುವಾಗ ತುಂಬಿ ತುಳುಕುತ್ತದೆ, ಸಂಜೆ ಉತ್ತರಕ್ಕೆ ಹೋಗುವಾಗ. ನೀವು ಉಲ್ಟಾ ಹೋಗಿ. ಸಿಎಸ್‌ಎಂಟಿ ಹತ್ತಿರ ಉಳಿದುಕೊಂಡರೆ ಬೆಳಗ್ಗೆ ಮಾಟುಂಗಕ್ಕೆ ಹೋಗುವ ರೈಲಿನಲ್ಲಿ ಕೂರಲು ಸೀಟು ಸಿಗುತ್ತದೆ. ಸ್ಲೋ ಲೋಕಲ್ಲೇ ಹತ್ತಬೇಕು, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ಅಂಧೇರಿ ಕಡೆ ನೆಂಟರ ಮನೆಯಲ್ಲಿ ಉಳಿದವರು ಹತ್ತೂವರೆ ಹನ್ನೊಂದರ ಮೇಲೆ ಹೊರಡಿ, ತಿಂಡಿಯ ಆಸೆ ಬಿಟ್ಟು ಊಟಕ್ಕೆ ಲೆಕ್ಕ ಹಾಕಿ. ಹಿರಿಯರಿದ್ದರೆ ನೆಲದಡಿಯ ಮೂರನೇ ಮೆಟ್ರೊ ಹಿತ. 2025ರ ಅಕ್ಟೋಬರಿನಲ್ಲಿ ಅದು ಪೂರ್ತಿ ತೆರೆದ ಮೇಲೆ ದಾದರ್, ಕಾಲ್ಬಾದೇವಿ, ಸಿಎಸ್‌ಎಂಟಿ, ಹುತಾತ್ಮಾ ಚೌಕ್ ಒಂದೇ ದಾರಿಯಲ್ಲಿ ಸಿಗುತ್ತವೆ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೊ ಬರುವುದಿಲ್ಲ, ಟ್ಯಾಕ್ಸಿಯೇ ಗತಿ.

ಹಾಗಾದರೆ ನೀವು ಎಲ್ಲಿಗೆ?

ಎರಡು ದಿನ, ಎಲ್ಲವನ್ನೂ ತಿನ್ನುವ ಗಂಡಹೆಂಡತಿ: ಮೊದಲ ದಿನ ಫೋರ್ಟ್, ರಾತ್ರಿಗೆ ಮೊಹಮ್ಮದ್ ಅಲಿ ರಸ್ತೆ, ಎರಡೂ ಹತ್ತಿರ. ಮರುದಿನ ದಾದರ್. ಮಾಟುಂಗ ಈ ಸಲ ಬೇಡ.

ಅಪ್ಪ ಅಮ್ಮ ಜೊತೆಗಿದ್ದು, ಈರುಳ್ಳಿ ಬೆಳ್ಳುಳ್ಳಿಗೂ ಯೋಚಿಸುವ ಮನೆಯವರಾದರೆ ಮಾಟುಂಗದ ಹತ್ತಿರವೇ ರೂಮು ಮಾಡಿ. ದಿನಕ್ಕೊಂದು ಹೊತ್ತು ಅಲ್ಲಿ ಗ್ಯಾರಂಟಿ ಊಟ ಇದ್ದರೆ ಉಳಿದ ಹೊತ್ತು ಕಾಲ್ಬಾದೇವಿಯಲ್ಲೋ ದಾದರಿನಲ್ಲೋ ಪ್ರಯೋಗ ಮಾಡಲು ಧೈರ್ಯ ಬರುತ್ತದೆ. ಒಬ್ಬರೇ ಇಂಟರ್‌ವ್ಯೂಗೆ ಬಂದ ಹುಡುಗರು, ಹುಡುಗಿಯರು ದಾದರನ್ನೇ ನಂಬಿ. ದಿನಕ್ಕೆ 400 ರೂಪಾಯಿಯಲ್ಲಿ ಮೂರು ಹೊತ್ತು ಮುಗಿಯುತ್ತದೆ, ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನಿನ ರೈಲು ಹತ್ತಿರ.

ಊರಿಗೆ ಮರಳುವ ರೈಲು ಯಾವ ಸ್ಟೇಷನ್ನಿಂದ ಅಂತಲೂ ನೋಡಿಕೊಳ್ಳಿ. ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಯಿಂದ, ಅಂದರೆ ಕೊನೆಯ ದಿನ ಫೋರ್ಟ್ ಇಟ್ಟುಕೊಂಡರೆ ಬ್ಯಾಗು ಹೊತ್ತು ಅಲೆಯುವುದು ತಪ್ಪುತ್ತದೆ. ಶರಾವತಿ, ಚಾಲುಕ್ಯ ದಾದರಿನಿಂದ. ಮತ್ಸ್ಯಗಂಧ ಹತ್ತುವವರದ್ದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್, ಅದರ ಸುತ್ತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ದಾರಿಯಲ್ಲಿ ಮಾಟುಂಗಕ್ಕೆ ಇಳಿದು ಇಡ್ಲಿ, ಚಟ್ನಿ ಕಟ್ಟಿಸಿಕೊಂಡು ಹೋಗಿ. ಸಾಂಬಾರು ಬೇಡ, ರೈಲಿನಲ್ಲಿ ಚೆಲ್ಲುತ್ತದೆ.